ಓಬಿಡಿ ಅಡಾಪ್ಟರ್, ಮಲ್ಟಿಮೀಟರ್, ಪ್ರೆಷರ್ ಗೇಜ್: ನಡುದಾರಿಯಲ್ಲಿ ಬಂದ್ ಬೀಳುವ ಹಳೆ ಕಾರಿಗೆ ಈ ಮೂರರಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ?

ಬೇಸಿಗೆ ಶುರುವಾಯಿತೆಂದರೆ ಬಳ್ಳಾರಿಯ ಗ್ಯಾರೇಜುಗಳಲ್ಲಿ ಈ ಮಾತು ಕೇಳದ ದಿನವಿಲ್ಲ: "ಅಣ್ಣಾ, ಗಾಡಿ ಓಡ್ತಾ ಓಡ್ತಾ ಬಂದ್ ಬೀಳ್ತದ. ಅರ್ಧ ತಾಸು ಬಿಟ್ಟು ಸೆಲ್ಫ್ ಹೊಡದ್ರ ಏನೂ ಆಗೇ ಇಲ್ಲ ಅನ್ನಂಗ ಸ್ಟಾರ್ಟ್ ಆಗ್ತದ." ಗ್ಯಾರೇಜಿಗೆ ತಂದು ನಿಲ್ಲಿಸಿದಾಗ ಅದೇ ಗಾಡಿ ಸರಿಯಾಗೇ ಓಡುತ್ತದೆ. ರೋಗವೇ ಕಾಣದಿದ್ದಾಗ ಮೆಕ್ಯಾನಿಕ್ ತಾನೆ ಏನು ಮಾಡಬೇಕು? ಅಂದಾಜಿನ ಮೇಲೆ ಪ್ಲಗ್ ಬದಲಾಗುತ್ತದೆ, ಆಮೇಲೆ ಫಿಲ್ಟರ್, ಆಮೇಲೆ ಕಾಯಿಲ್, ಕೊನೆಗೆ ಪೆಟ್ರೋಲ್ ಪಂಪ್. ನಾಲ್ಕು ಸಲ ದುಡ್ಡು ಕಟ್ಟಿದ ಮೇಲೂ ಹೊಸಪೇಟೆ ರಸ್ತೆಯಲ್ಲಿ ಗಾಡಿ ಮತ್ತೆ ಬಂದ್.

ಇಂಥ ಗಾಡಿಗೆಂದು ಜನ ಈಗ ಆನ್‌ಲೈನಿನಲ್ಲಿ ಮೂರು ಸಾಮಾನು ತರಿಸುತ್ತಿದ್ದಾರೆ: ಮೊಬೈಲಿಗೆ ಬ್ಲೂಟೂತ್‌ನಲ್ಲಿ ಕೂಡುವ ಓಬಿಡಿ (ಗಾಡಿ ತನ್ನ ದೋಷವನ್ನು ತಾನೇ ಗುರುತಿಸಿಡುವ ವ್ಯವಸ್ಥೆ) ಅಡಾಪ್ಟರ್, ಒಂದು ಡಿಜಿಟಲ್ ಮಲ್ಟಿಮೀಟರ್, ಒಂದು ಪೆಟ್ರೋಲ್ ಪ್ರೆಷರ್ ಗೇಜ್ ಕಿಟ್. ಮೂರೂ ಸೇರಿ ಮೂರು-ನಾಲ್ಕು ಸಾವಿರ ರೂಪಾಯಿಯ ಬಾಬತ್ತು. ಹತ್ತು-ಇಪ್ಪತ್ತು ವರ್ಷದ ಪೆಟ್ರೋಲ್ ಗಾಡಿಗಳಿಗೆ, ಅಂದರೆ ಹಳೆಯ ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ, ಐ10, ಮೊದಲ ಸ್ವಿಫ್ಟ್‌ನಂಥವಕ್ಕೆ, ಇವು ಎಷ್ಟರ ಮಟ್ಟಿಗೆ ಉಪಯೋಗ ಎಂಬುದು ಈ ವಿಮರ್ಶೆ. ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಅಡಾಪ್ಟರನ್ನು ಬರೀ ದೋಷದ ಕೋಡ್ ಓದಲು ಕೊಂಡರೆ ಅರ್ಧ ದುಡ್ಡು ವ್ಯರ್ಥ. ಗಾಡಿ ಬಂದ್ ಬೀಳುವ ಆ ಹತ್ತು ಸೆಕೆಂಡನ್ನು ರೆಕಾರ್ಡ್ ಮಾಡಲು ಕೊಂಡರೆ ಮೂರರಲ್ಲಿ ಅದೇ ದೊಡ್ಡ ಸಾಮಾನು. ಅದು ತೋರಿಸಿದ ದಿಕ್ಕನ್ನು ಖಾತ್ರಿ ಮಾಡುವುದು ಮಲ್ಟಿಮೀಟರ್. ಗೇಜ್ ಎಲ್ಲರ ಮನೆಯಲ್ಲೂ ಇರಬೇಕಿಲ್ಲ.

ಅಡಾಪ್ಟರ್ ಕೊಳ್ಳುವಾಗ

ಪೇಟೆಯಲ್ಲಿ ಸಿಗುವ ಬೆಂಕಿಪೊಟ್ಟಣದ ಗಾತ್ರದ ಅಡಾಪ್ಟರುಗಳ ಮೇಲೆಲ್ಲ ಇಎಲ್‌ಎಂ327 ಎಂದು ಬರೆದಿರುತ್ತದೆ. ಅದು ಮೂಲದಲ್ಲಿ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಮಾಡುತ್ತಿದ್ದ ಚಿಪ್‌ನ ಹೆಸರು. ಆ ಕಂಪನಿ 2022ರಲ್ಲಿ ಬಾಗಿಲು ಹಾಕಿತು. ಐನೂರು-ಎಂಟುನೂರು ರೂಪಾಯಿಗೆ ಸಿಗುವುದೆಲ್ಲ ಅದರ ನಕಲು. ನಕಲು ಎಂದು ಬಿಡಬೇಕಿಲ್ಲ, ಆದರೆ ನಕಲಿನಲ್ಲೂ ಎರಡು ತರ. 'ವಿ1.5' ಎಂದು ಬರೆದವು ಸಾಮಾನ್ಯವಾಗಿ ಹಳೆ ಗಾಡಿಗಳೊಂದಿಗೆ ಮಾತಾಡುತ್ತವೆ. ಎಲ್ಮ್ ಕಂಪನಿ 1.5 ಎಂಬ ಆವೃತ್ತಿಯನ್ನೇ ಹೊರತಂದಿರಲಿಲ್ಲ, ಆದರೂ ಈ ನಕಲು ಕೆಲಸಕ್ಕೆ ಬರುತ್ತದೆ. 'ವಿ2.1' ಎಂದು ಬರೆದ ತೀರಾ ಅಗ್ಗದವುಗಳಲ್ಲಿ ಹಳೆ ಗಾಡಿಗಳ ಕಂಪ್ಯೂಟರ್ ಮಾತಾಡುವ ಕೆ-ಲೈನ್ ಎಂಬ ತಂತಿಯ ಸಂಪರ್ಕವನ್ನೇ ಬಿಟ್ಟಿರುವುದುಂಟು. ಹೊಸ ಗಾಡಿಗೆ ಹಾಕಿದರೆ ಓದುತ್ತದೆ, 2009ರ ಗಾಡಿಗೆ ಹಾಕಿದರೆ 'ಇಸಿಯು (ಎಂಜಿನ್ನಿನ ಕಂಪ್ಯೂಟರ್) ಸಿಗುತ್ತಿಲ್ಲ' ಎನ್ನುತ್ತದೆ. ನಂಬರ್ ದೊಡ್ಡದಿದ್ದರೆ ಮಾಲು ಒಳ್ಳೆಯದು ಎಂದುಕೊಂಡು 2.1 ತೆಗೆದುಕೊಂಡವರೇ ಹೆಚ್ಚು ಮೋಸ ಹೋಗುವುದು. ಕೊಳ್ಳುವ ಮೊದಲು ವಿವರದಲ್ಲಿ ಐಎಸ್‌ಒ 9141 ಮತ್ತು ಕೆಡಬ್ಲ್ಯೂಪಿ 2000 ಎಂಬ ಕೆ-ಲೈನಿನ ಭಾಷೆ ಎರಡೂ ಇವೆಯೇ ನೋಡಿ. ವಾಪಸ್ ತೆಗೆದುಕೊಳ್ಳುವ ಅಂಗಡಿಯಿಂದಲೇ ತರಿಸಿ.

ಇನ್ನು ನಿಮ್ಮ ಗಾಡಿಯೇ ಅಡಾಪ್ಟರಿಗೆ ಒಪ್ಪುತ್ತದೆಯೇ? ನಮ್ಮ ದೇಶದಲ್ಲಿ ಓಬಿಡಿ ಕಡ್ಡಾಯವಾದದ್ದು ಬಿಎಸ್-4 ಹೊಗೆ ನಿಯಮದ ಗಾಡಿಗಳಿಗೆ: ಓಬಿಡಿಯ ಮೊದಲ ಹಂತ 2010ರ ಏಪ್ರಿಲ್‌ನಿಂದ, ಎರಡನೆಯ ಹಂತ 2013ರ ಏಪ್ರಿಲ್‌ನಿಂದ. ಆದರೆ ಬಿಎಸ್-4 ಮೊದಲು ಬಂದದ್ದು ಕೆಲವೇ ದೊಡ್ಡ ನಗರಗಳಿಗೆ, ಇಡೀ ದೇಶಕ್ಕೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಹಾಗಾಗಿ ನಮ್ಮ ಕಡೆ ಗಾಡಿಯ ವರ್ಷ ಒಂದನ್ನೇ ನೋಡಿ ಹೇಳಲಾಗದು. 2012ರ ಗಾಡಿಯೂ ಬಿಎಸ್-3 ಇರಬಹುದು. 2010ಕ್ಕಿಂತ ಹಿಂದಿನ ಹಲವು ಮಾರುತಿ ಗಾಡಿಗಳಲ್ಲಿ ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ, ಅಡಾಪ್ಟರ್ ಸರಿಯಾಗಿ ಕೂರುತ್ತದೆ, ದೀಪವೂ ಹತ್ತುತ್ತದೆ. ಆದರೆ ಒಳಗಿನ ಇಸಿಯು ಕಂಪನಿಯ ಸ್ವಂತ ಭಾಷೆಯಲ್ಲಿ ಮಾತಾಡುವುದರಿಂದ ಮೊಬೈಲಿನಲ್ಲಿ ಏನೂ ಬರುವುದಿಲ್ಲ. ಪರಿಚಯದವರ ಅಡಾಪ್ಟರ್ ಒಮ್ಮೆ ಹಾಕಿ ನೋಡಿಯೇ ಕೊಳ್ಳುವುದು ಒಳ್ಳೆಯದು. ಅದೂ ಆಗದಿದ್ದರೆ ಸುಜುಕಿ ಪದ್ಧತಿಯ ಮಿನುಗು ಕೋಡ್ ಇದ್ದೇ ಇದೆ. ಡಯಾಗ್ನೋಸಿಸ್ ಟರ್ಮಿನಲನ್ನು (ದೋಷ ನೋಡಲು ಇರುವ ಪಿನ್) ಗಾಡಿಯ ಬರಿ ಲೋಹಕ್ಕೆ, ಅಂದರೆ ಅರ್ತ್‌ಗೆ ಕೂಡಿಸಿ, ಕೀ ಆನ್ ಮಾಡಿ, ಚೆಕ್ ಲೈಟ್ ಎಷ್ಟು ಸಲ ಮಿನುಗಿತೆಂದು ಎಣಿಸಬೇಕು. ಒಂದು ಮಿನುಗು, ಸ್ವಲ್ಪ ಬಿಡುವು, ಎರಡು ಮಿನುಗು ಬಂದರೆ ಅದು 12, ಯಾವ ದೋಷವೂ ದಾಖಲಾಗಿಲ್ಲ ಎಂದರ್ಥ. ಯಾವ ಪಿನ್ ಎಂದು ಗೊತ್ತಿಲ್ಲದೆ ಮಾತ್ರ ತಂತಿ ತುರುಕಬೇಡಿ. 16ನೆಯ ಪಿನ್ನಿನಲ್ಲಿ ಸದಾ ಬ್ಯಾಟರಿ ಕರೆಂಟ್ ಇರುತ್ತದೆ. ಅದು ಅರ್ತ್‌ಗೆ ತಾಗಿದರೆ ಫ್ಯೂಸ್ ಹಾರುತ್ತದೆ.

ಅಡಾಪ್ಟರಿನ ದೀಪವೇ ಹತ್ತದಿದ್ದರೆ ಅದನ್ನು ಬೈಯುವ ಮೊದಲು 16 ಮತ್ತು 4ನೆಯ ಪಿನ್ನಿನ ನಡುವೆ ಮೀಟರ್ ಹಿಡಿಯಿರಿ. 12 ವೋಲ್ಟ್ ಇಲ್ಲವೆಂದರೆ ಒಳದೀಪದ ಅಥವಾ ರೇಡಿಯೋದ ಫ್ಯೂಸ್ ಹೋಗಿರುತ್ತದೆ. ಹಳೆ ಗಾಡಿಗೆ ಹೊಸ ಸ್ಟೀರಿಯೋ ಹಾಕಿಸಿದ ಕಡೆ ಇದು ಸಾಮಾನ್ಯ.

ರೆಕಾರ್ಡ್ ಮಾಡುವ ಬಗೆ

ಟಾರ್ಕ್ ಅಥವಾ ಕಾರ್ ಸ್ಕ್ಯಾನರ್, ಯಾವ ಆ್ಯಪ್ ಆದರೂ ನಡೆಯುತ್ತದೆ. ಮುಖ್ಯವಾದದ್ದು ಎಷ್ಟು ಅಂಕಿ ಆರಿಸುತ್ತೀರಿ ಎಂಬುದು. ಹಳೆ ಗಾಡಿಯ ಕೆ-ಲೈನ್ ತುಂಬ ನಿಧಾನ. ಹತ್ತು-ಹನ್ನೆರಡು ಗಡಿಯಾರ ಪರದೆಯ ಮೇಲೆ ಇಟ್ಟರೆ ಚೆಂದ ಕಾಣುತ್ತದೆ, ಆದರೆ ಒಂದೊಂದು ಅಂಕಿ ಬದಲಾಗಲು ಕೆಲವು ಸೆಕೆಂಡು ಬೇಕಾಗಿ, ನಮಗೆ ಬೇಕಾದ ಗಳಿಗೆಯೇ ಕೈತಪ್ಪುತ್ತದೆ. ಮೊದಲ ಸುತ್ತಿಗೆ ನಾಲ್ಕೇ ಸಾಕು: ಆರ್‌ಪಿಎಂ, (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಗಾಡಿಯ ವೇಗ, ಮ್ಯಾಪ್ ಸೆನ್ಸರ್ (ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವುದು) ಒತ್ತಡ, ಅಡಾಪ್ಟರ್ ತೋರಿಸುವ ಬ್ಯಾಟರಿ ವೋಲ್ಟ್. ಎರಡನೆಯ ಸುತ್ತಿಗೆ ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ಎರಡೂ (ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬುದು), ಕೂಲೆಂಟ್ (ಎಂಜಿನ್ ತಣಿಸುವ ನೀರು) ಶಾಖ, ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು).

ಸುತ್ತಿಗೆ ಹೋಗುವ ಮೊದಲು ಬೆಳಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಕೀ ಮಾತ್ರ ಆನ್ ಮಾಡಿ ಮೂರು ಅಂಕಿ ಬರೆದುಕೊಳ್ಳಿ. ಕೂಲೆಂಟ್ ಶಾಖ ಮತ್ತು ಒಳಗಾಳಿಯ ಶಾಖ ಎರಡೂ ಹೊರಗಿನ ಹವೆಗೆ ಹತ್ತಿರವಿರಬೇಕು, ಒಂದಕ್ಕೊಂದು ಎರಡು-ಮೂರು ಡಿಗ್ರಿಗಿಂತ ದೂರ ಇರಬಾರದು. ಯಾವುದಾದರೂ ಮೈನಸ್ 40 ತೋರಿಸಿದರೆ ಆ ಸೆನ್ಸರಿನ ತಂತಿ ಕಡಿದಿದೆ. ಆಗ ಇಸಿಯು ಚಳಿಯೆಂದು ತಿಳಿದು ಪೆಟ್ರೋಲ್ ಜಾಸ್ತಿ ಸುರಿಯುತ್ತದೆ, ಬಿಸಿ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಮೂರನೆಯದು ಮ್ಯಾಪ್. ಎಂಜಿನ್ ನಿಂತಿರುವಾಗ ಅದು ವಾತಾವರಣದ ಒತ್ತಡವನ್ನೇ ತೋರಿಸಬೇಕು. ಬಳ್ಳಾರಿ ಸಮುದ್ರಮಟ್ಟದಿಂದ ಸುಮಾರು 485 ಮೀಟರ್ ಎತ್ತರದಲ್ಲಿದೆ, ಆದ್ದರಿಂದ ಇಲ್ಲಿ 95-96 ಕಿಲೋಪ್ಯಾಸ್ಕಲ್ ಬಂದರೆ ಸರಿ. ಪುಸ್ತಕದಲ್ಲಿ 101 ಇದೆ, ಇಲ್ಲಿ 95 ಬರುತ್ತಿದೆ ಎಂದು ಒಳ್ಳೆಯ ಸೆನ್ಸರ್ ಕಿತ್ತೆಸೆಯಬೇಡಿ. 88 ಬಂದರೆ ಮಾತ್ರ ಅನುಮಾನ ಪಡಿ. ಎಂಜಿನ್ ಸ್ಟಾರ್ಟ್ ಆಗಿ ಬಿಸಿಯಾದ ಮೇಲೆ ರೇಸ್ ಕೊಡದೆ ನಿಂತಲ್ಲೇ ಓಡುವಾಗ, ಅಂದರೆ ಐಡ್ಲಿಂಗ್‌ನಲ್ಲಿ ಅದು 30ರಿಂದ 45ರ ನಡುವೆ ಇಳಿಯಬೇಕು.

ಮಧ್ಯಾಹ್ನ ಒಂದರಿಂದ ಮೂರರ ಬಿಸಿಲಲ್ಲಿ, ಎಸಿ ಹಾಕಿಕೊಂಡು, ಗಾಡಿ ಎಂಥ ಸ್ಥಿತಿಯಲ್ಲಿ ಬಂದ್ ಬೀಳುತ್ತದೋ ಅದೇ ಸ್ಥಿತಿಗೆ ತನ್ನಿ. ತೋರಣಗಲ್ಲಿನವರೆಗೆ ಒಂದು ಹೋಗಿಬರುವ ಓಟ, ವಾಪಸ್ ಬರುವಾಗ ಸುಧಾ ಕ್ರಾಸ್ ಕಡೆಯ ಗದ್ದಲದಲ್ಲಿ ಹತ್ತು ನಿಮಿಷ ತೆವಳುವುದು, ಇಷ್ಟಾದರೆ ಹೈವೇ ದೋಷವೂ ಟ್ರಾಫಿಕ್ ದೋಷವೂ ಎರಡೂ ಹೊರಬೀಳುತ್ತವೆ. ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇದೆ ಎಂದು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮೊಬೈಲ್ ಪಕ್ಕದ ಸೀಟಿನವರ ಕೈಯಲ್ಲಿರಲಿ. ಓಡಿಸುವವರು ಪರದೆ ನೋಡುವುದು ಬೇಡವೇ ಬೇಡ. ಬಂದ್ ಬಿದ್ದರೆ ಪವರ್ ಸ್ಟೀರಿಂಗ್ ಗಟ್ಟಿಯಾಗುತ್ತದೆ, ಬ್ರೇಕ್ ಬೂಸ್ಟರಿನಲ್ಲಿ ಎರಡು-ಮೂರು ಒತ್ತಿಗಷ್ಟೇ ವ್ಯಾಕ್ಯೂಮ್ ಉಳಿದಿರುತ್ತದೆ. ಒಂದೇ ಸಲ ನಿಧಾನವಾಗಿ ಬ್ರೇಕ್ ಒತ್ತಿ ಎಡಕ್ಕೆ ಬನ್ನಿ, ಕೀಯನ್ನು ಲಾಕ್‌ವರೆಗೆ ತಿರುಗಿಸಬೇಡಿ.

ಆ ಹತ್ತು ಸೆಕೆಂಡು ಏನು ಹೇಳುತ್ತದೆ

ಇಲ್ಲಿದೆ ಈ ಐನೂರು ರೂಪಾಯಿ ಸಾಮಾನಿನ ನಿಜವಾದ ಬೆಲೆ. ನಾಲ್ಕನೇ ಗೇರಿನಲ್ಲಿ 50ರ ವೇಗ, ಖಾಲಿ ರಸ್ತೆ, ಎಂಜಿನ್ ಎಳೆಯುವುದು ನಿಂತಿತು ಎಂದುಕೊಳ್ಳಿ. ಹಿಂದೆ-ಮುಂದೆ ಯಾರೂ ಇಲ್ಲದಿದ್ದರೆ ಎರಡು ಸೆಕೆಂಡು ಕ್ಲಚ್ ಒತ್ತಬೇಡಿ. ಗೇರಿನಲ್ಲಿರುವುದರಿಂದ ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತವೆ. ಸಣ್ಣ ಗಾಡಿಯಲ್ಲಿ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಆಗ ಸುಮಾರು 2000 ಸುತ್ತು ತಿರುಗುತ್ತಿರುತ್ತದೆ. ಈಗ ರೆಕಾರ್ಡ್‌ನಲ್ಲಿ ವೇಗ 50 ಇದ್ದು ಆರ್‌ಪಿಎಂ ಒಂದೇ ಏಟಿಗೆ ಸೊನ್ನೆಯಾಗಿದ್ದರೆ ಅರ್ಥ ಸ್ಪಷ್ಟ: ಕ್ರ್ಯಾಂಕ್ ತಿರುಗುತ್ತಿದೆ, ಇಸಿಯುಗೆ ಅದು ಕಾಣುತ್ತಿಲ್ಲ. ಕೆಟ್ಟಿರುವುದು ಆ ಸುತ್ತು ಎಣಿಸುವ ಕ್ರ್ಯಾಂಕ್ ಸೆನ್ಸರ್ ಇಲ್ಲವೇ ಅದರ ತಂತಿ. ಕ್ಯಾಮ್ (ವಾಲ್ವ್ ತೆರೆಯುವ ದಂಡ) ಸೆನ್ಸರಿನಿಂದಲೇ ಎಣಿಸುವ ಗಾಡಿಯಾದರೆ ಆ ಸೆನ್ಸರ್ ಅಥವಾ ಅದರ ತಂತಿ. ಸೆನ್ಸರಿನೊಳಗಿನ ಕೂದಲೆಳೆಯ ಸುರುಳಿ ಬಿಸಿಗೆ ಹಿಗ್ಗಿ ಕಡಿಯುತ್ತದೆ, ತಣ್ಣಗಾದಾಗ ತುದಿಗಳು ಮತ್ತೆ ಕೂಡುತ್ತವೆ. ಅರ್ಧ ತಾಸು ಬಿಟ್ಟರೆ ಸ್ಟಾರ್ಟ್ ಆಗುವ ಗುಟ್ಟು ಬಹಳ ಸಲ ಇದೇ. ನಿಂತ ಜಾಗದಲ್ಲೇ ಸೆಲ್ಫ್ ಹೊಡೆದು ಇನ್ನೊಮ್ಮೆ ನೋಡಿ. ಸೆಲ್ಫ್ ತಿರುಗುವಾಗ 200-300 ಆರ್‌ಪಿಎಂ ತೋರಿಸಬೇಕು. ಎಂಜಿನ್ ಗರಗರ ತಿರುಗುತ್ತಿದ್ದರೂ ಪರದೆಯಲ್ಲಿ ಸೊನ್ನೆ ಇದ್ದರೆ ಸಾಕ್ಷಿ ಸಿಕ್ಕಿತು. ಒದ್ದೆ ಬಟ್ಟೆಯನ್ನು ಸೆನ್ಸರಿನ ಮೇಲೆ ಐದು ನಿಮಿಷ ಹಾಕಿ ಮತ್ತೆ ಸೆಲ್ಫ್ ಹೊಡೆದಾಗ ಕೂಡಲೇ ಹತ್ತಿಕೊಂಡರೆ ಇನ್ನೇನೂ ಬೇಕಿಲ್ಲ. ಬಕೆಟ್ ನೀರು ಮಾತ್ರ ಸುರಿಯಬೇಡಿ. ಕೆಂಡದಂಥ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರುಕು ಬಿಡುತ್ತದೆ.

ಎರಡನೆಯ ಚಿತ್ರ ಬೇರೆ. ಅಂಕಿಗಳೆಲ್ಲ ಒಮ್ಮೆಲೇ ಹೆಪ್ಪುಗಟ್ಟಿ ಆ್ಯಪ್ 'ಇಸಿಯು ಸಂಪರ್ಕ ಕಡಿತ' ಎನ್ನುತ್ತದೆ, ಆದರೆ ಅಡಾಪ್ಟರಿನ ದೀಪ ಹತ್ತಿಯೇ ಇದೆ, ಅದು ತೋರಿಸುವ ವೋಲ್ಟ್ 12ರ ಮೇಲಿದೆ. ಅಡಾಪ್ಟರಿಗೆ ಕರೆಂಟ್ ನೇರ ಬ್ಯಾಟರಿಯಿಂದ ಬರುತ್ತದೆ, ಇಸಿಯುಗೆ ಕೀ ಸ್ವಿಚ್ ಮತ್ತು ಮೇನ್ ರಿಲೇ (ಕರೆಂಟಿನಿಂದಲೇ ಕೂಡುವ-ಬಿಡುವ ಸ್ವಿಚ್) ದಾಟಿ ಬರುತ್ತದೆ. ಹಾಗಾದರೆ ಕಡಿದದ್ದು ನಡುವಿನ ದಾರಿ. ಇಂಥ ಗಾಡಿಗೆ ಪಂಪ್, ಪ್ಲಗ್, ಕಾಯಿಲ್ ಯಾವುದನ್ನೂ ಮುಟ್ಟುವ ಅಗತ್ಯವೇ ಇಲ್ಲ. ಮೊದಲು ಎಂಜಿನ್ ಓಡುತ್ತಿರುವಾಗ, ಗಾಡಿ ನಿಂತಲ್ಲೇ, ಕೀಯನ್ನು ಬೆರಳಲ್ಲಿ ಮೆಲ್ಲಗೆ ಮೇಲೆ-ಕೆಳಗೆ ಅಲುಗಿಸಿ. ಬೀರು ಕೀ, ಅಂಗಡಿ ಕೀ, ಮನೆ ಕೀ ಎಲ್ಲ ಒಂದೇ ಗೊಂಚಲಲ್ಲಿ ವರ್ಷಗಟ್ಟಲೆ ತೂಗಿದ ಗಾಡಿಯಲ್ಲಿ ಸ್ವಿಚ್ಚಿನ ಒಳಗಿನ ತಾಮ್ರದ ತಟ್ಟೆ ಸವೆದು, ಗುಂಡಿಯಲ್ಲಿ ಗಾಡಿ ಎಗರಿದಾಗಷ್ಟೇ ಬಿಟ್ಟುಕೊಳ್ಳುತ್ತದೆ. ಆಮೇಲೆ ಮೇನ್ ರಿಲೇ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಎಂಜಿನ್ ತಡವರಿಸಿದರೆ ಅದೇ ನಂಬರಿನ ಹಾರ್ನ್ ಅಥವಾ ಫ್ಯಾನ್ ರಿಲೇಯನ್ನು ಅದರ ಜಾಗಕ್ಕೆ ಹಾಕಿ ಎರಡು ದಿನ ಓಡಿಸಿ. ಕೆಲವು ಹಳೆ ಸೆಡಾನುಗಳಲ್ಲಿ ಈ ರಿಲೇ ಡ್ಯಾಶ್‌ಬೋರ್ಡಿನ ಕೆಳಗೆ ಸಣ್ಣ ಡಬ್ಬಿಯಲ್ಲಿರುತ್ತದೆ, ಒಳಗೆ ಸರ್ಕ್ಯೂಟ್ ಬೋರ್ಡ್. ಡಬ್ಬಿ ಬಿಚ್ಚಿ ಭೂತಗನ್ನಡಿಯಲ್ಲಿ ಬೆಸುಗೆಗಳನ್ನು ನೋಡಿದರೆ ಒಂದೆರಡು ಪಿನ್ನಿನ ಸುತ್ತ ಉಗುರಿನ ಅಂಚಿನಷ್ಟು ತೆಳುವಾದ ಕಪ್ಪು ಉಂಗುರ ಕಾಣುತ್ತದೆ. ಅದು ಕೊಳೆಯಲ್ಲ, ಬಿರುಕು. ಬಿಸಿಲಲ್ಲಿ ನಿಂತ ಗಾಡಿಯೊಳಗಿನ ಕಾವಿಗೆ ಅದು ಬಾಯಿ ಬಿಡುತ್ತದೆ. ಬೆಸುಗೆ ಹೊಸದಾಗಿ ಹಾಕಿದರೆ ರಿಲೇ ಕೊಳ್ಳುವುದೇ ಬೇಕಿಲ್ಲ.

ಮೂರನೆಯದರಲ್ಲಿ ಆರ್‌ಪಿಎಂ ಚಕ್ರದ ಜೊತೆ ನಿಜವಾಗಿ ಇಳಿಯುತ್ತದೆ, ಎಲ್ಲ ಸೆನ್ಸರೂ ಜೀವಂತ, ಆದರೆ ಎಳೆತವಿಲ್ಲ. ಬೆಂಕಿ ಕಿಡಿ ಅಥವಾ ಪೆಟ್ರೋಲ್, ಎರಡರಲ್ಲೊಂದು. ನಿಲ್ಲುವ ಮೊದಲು ಒಂದೆರಡು ನಿಮಿಷ ಜರ್ಕ್ ಹೊಡೆದಿದ್ದರೆ, ಏರಿನಲ್ಲಿ ಪಿಕಪ್ ಬಿದ್ದಿದ್ದರೆ ಪೆಟ್ರೋಲ್ ಕಡೆ. ಎಚ್ಚರಿಕೆಯೇ ಇಲ್ಲದೆ ಕಡಿದಿದ್ದರೆ ಕಿಡಿ ಕೊಡುವ ಕಾಯಿಲ್ ಕಡೆ. ಫ್ಯೂಯಲ್ ಟ್ರಿಮ್ ಇಲ್ಲಿ ತುಂಬ ನೆರವಿಗೆ ಬರುತ್ತದೆ. ಲಾಂಗ್ ಟರ್ಮ್ ಟ್ರಿಮ್ ಹತ್ತರ ಒಳಗಿದ್ದರೆ ಚಿಂತೆಯಿಲ್ಲ. ಐಡ್ಲಿಂಗ್‌ನಲ್ಲಿ ಪ್ಲಸ್ 20 ದಾಟಿ, 2500 ಆರ್‌ಪಿಎಂಗೆ ಏರಿಸಿದಾಗ ಐದಕ್ಕೆ ಇಳಿದರೆ ಎಲ್ಲೋ ಗಾಳಿ ಲೀಕ್ ಇದೆ. ಉಲ್ಟಾ, ಐಡ್ಲಿಂಗ್‌ನಲ್ಲಿ ಸರಿಯಿದ್ದು ರೇಸ್ ಕೊಟ್ಟಷ್ಟೂ ಟ್ರಿಮ್ ಏರಿದರೆ ಪಂಪ್ ಅಥವಾ ಫಿಲ್ಟರ್ ಸೋತಿದೆ.

ನಾಲ್ಕನೆಯದು ಸಿಗ್ನಲ್‌ಗೆ ಬಂದು ಕ್ಲಚ್ ಒತ್ತಿದಾಗ 1500, 900, 500 ಎಂದು ಮೆಟ್ಟಿಲಿಳಿದು ನಿಲ್ಲುವ ಗಾಡಿ. ಇದಕ್ಕೆ ನಿಂತಲ್ಲೇ ಓಡುವಾಗ ಗಾಳಿ ಬಿಡುವ ಐಡಲ್ ವಾಲ್ವಿನ ಕಾರ್ಬನ್ ಮತ್ತು ಕೊಳಕು ಥ್ರಾಟಲ್ ಬಾಡಿಯೇ ಬಹುಪಾಲು ಕಾರಣ. ಥ್ರಾಟಲ್ ಕ್ಲೀನರ್ ಸ್ಪ್ರೇ ಬಟ್ಟೆಗೆ ಹಾಕಿ ಒರೆಸಿ, ಐಡಲ್ ವಾಲ್ವ್ ಬಿಚ್ಚಿ ಅದರ ಮೂಗು ತೊಳೆಯಿರಿ, ವೈರ್ ಇರುವ ಕಡೆ ಸ್ಪ್ರೇ ಇಳಿಯಬಾರದು. ಕೆಲಸ ಮುಗಿದ ಮೇಲೆ ಹತ್ತು ನಿಮಿಷ ಎಸಿ ಇಲ್ಲದೆ, ಹತ್ತು ನಿಮಿಷ ಎಸಿ ಹಾಕಿ ಐಡ್ಲಿಂಗ್‌ನಲ್ಲಿ ಬಿಡಿ.

ಕೋಡ್‌ಗಳ ಬಗ್ಗೆ ಎರಡು ಮಾತು. ಪಿ0335 ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್, ಪಿ0340 ಕ್ಯಾಮ್, ಪಿ0505 ಐಡಲ್, ಪಿ0171 ಪೆಟ್ರೋಲ್ ಕಡಿಮೆ-ಗಾಳಿ ಜಾಸ್ತಿ. ಇವು ಸಿಕ್ಕರೆ ಅದೃಷ್ಟ. ಆದರೆ ಒಂದೆರಡು ಸೆಕೆಂಡು ಮಾತ್ರ ತಲೆದೋರುವ ದೋಷಕ್ಕೆ ಹಳೆ ಇಸಿಯುಗಳು ಎಷ್ಟೋ ಸಲ ಕೋಡ್ ಬರೆಯುವುದೇ ಇಲ್ಲ. ಪಿ0300 ಬಂತೆಂದು ಪ್ಲಗ್ ಸೆಟ್ ಬದಲಿಸಲು ಓಡಬೇಡಿ, ಪೆಟ್ರೋಲ್ ಸಾಲದಾದಾಗಲೂ ಸಿಲಿಂಡರಿನಲ್ಲಿ ಸರಿಯಾಗಿ ಉರಿಯದೆ ಅದೇ ಮಿಸ್‌ಫೈರ್ ಕೋಡ್ ಬರುತ್ತದೆ. ಅಳಿಸುವ ಮೊದಲು ಕೋಡ್ ಮತ್ತು ಫ್ರೀಜ್ ಫ್ರೇಮ್ (ದೋಷ ಬಂದ ಗಳಿಗೆಯ ಅಂಕಿಗಳು) ಎರಡನ್ನೂ ಸ್ಕ್ರೀನ್‌ಶಾಟ್ ತೆಗೆಯಿರಿ. ಬ್ಯಾಟರಿ ಬಿಚ್ಚಿದರೂ ಹಲವು ಗಾಡಿಗಳಲ್ಲಿ ಅವು ಅಳಿಸಿಹೋಗುತ್ತವೆ.

ಮಲ್ಟಿಮೀಟರ್: ಓಮ್ಸ್ ಅಲ್ಲ, ವೋಲ್ಟ್

ಇನ್ನೂರು ರೂಪಾಯಿಯ ಹಳದಿ ಮೀಟರಿನಿಂದಲೂ ಈ ಕೆಲಸ ಆಗುತ್ತದೆ. ಅದರ ಎರಡು ಕೊರತೆ ತಿಳಿದಿರಲಿ: 10 ಆಂಪ್ ಎಂದು ಬರೆದ ತೂತಿಗೆ ಒಳಗೆ ಫ್ಯೂಸ್ ಇಲ್ಲ, ವೈರುಗಳು ಬುಡದಲ್ಲೇ ಕಡಿಯುತ್ತವೆ. ಎಂಟುನೂರು-ಸಾವಿರದ ಮೀಟರ್ ಕೊಂಡು, ಜೊತೆಗೆ ಮೊಸಳೆ ಕ್ಲಿಪ್ಪಿನ ವೈರ್ ತೆಗೆದುಕೊಂಡರೆ ವರ್ಷಗಟ್ಟಲೆ ಬಾಳುತ್ತದೆ.

ಹೆಚ್ಚಿನವರು ಮೀಟರ್ ಹಿಡಿದು ಬೀಪ್ ಬರುತ್ತದೆಯೇ ಎಂದಷ್ಟೇ ನೋಡುತ್ತಾರೆ. ಒಂದೇ ಎಳೆ ಉಳಿದ ತಂತಿಯೂ ಬೀಪ್ ಅನ್ನುತ್ತದೆ, ಆದರೆ ಪಂಪಿನ ಭಾರ ಹೊರಲಾರದು. ಲೋಡ್ ಇರುವಾಗ ವೋಲ್ಟ್ ಎಲ್ಲಿ ಸೋರುತ್ತಿದೆ ಎಂದು ಅಳೆಯಬೇಕು. ಎಂಜಿನ್ ಓಡಲಿ, ಹೆಡ್‌ಲೈಟ್ ಹೈಬೀಮ್, ಬ್ಲೋವರ್ ಫುಲ್. ಮೀಟರ್ ಡಿಸಿ 2 ವೋಲ್ಟಿಗೆ ಇಟ್ಟು ಕೆಂಪು ಮೊನೆಯನ್ನು ಎಂಜಿನ್ನಿನ ಬರಿ ಲೋಹಕ್ಕೆ, ಕಪ್ಪನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ ಹಿಡಿಯಿರಿ. ಕ್ಲಾಂಪಿಗೆ ಅಲ್ಲ, ಸೀಸದ ಕಂಬಕ್ಕೇ. 0.1ರ ಒಳಗಿದ್ದರೆ ಅರ್ತ್ ಚೆನ್ನಾಗಿದೆ. ಸೆಲ್ಫ್ ಹೊಡೆಯುವಾಗ 0.3ರವರೆಗೆ ಹೋದರೂ ಸರಿ. 0.6, 0.8 ಕಂಡರೆ ಅರ್ತ್ ಪಟ್ಟಿ ಬಿಚ್ಚಿ. ಬೋಲ್ಟಿನ ಕೆಳಗೆ ಬಿಳಿ-ಹಸಿರು ಪುಡಿ, ಪಟ್ಟಿಯ ಹೆಣಿಗೆ ಕಪ್ಪಾಗಿ ಬೂದಿಯಂತೆ ಉದುರುವುದು ಕಾಣುತ್ತದೆ. ಮರಳು ಕಾಗದದಲ್ಲಿ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿದರೆ ಖರ್ಚು ಹತ್ತು ರೂಪಾಯಿ. ಇಲ್ಲಿ ನೋಡದೇ ಹೊಸ ಇಸಿಯು ಹಾಕಿಸಲು ಹೊರಟವರಿದ್ದಾರೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇವೆ.

ಪಂಪಿಗೂ ಇದೇ ಲೆಕ್ಕ. ಹಿಂದಿನ ಸೀಟ್ ಎತ್ತಿ, ಪಂಪ್ ಕನೆಕ್ಟರಿನ ಹಿಂಭಾಗದಿಂದ ಮೊನೆ ತಾಗಿಸಿ, ಎಂಜಿನ್ ಓಡುತ್ತಿರುವಾಗ ಓದಿ. ಬ್ಯಾಟರಿಯಲ್ಲಿ 13.8 ಇದ್ದು ಪಂಪಿನಲ್ಲಿ 13 ಇದ್ದರೆ ಒಳ್ಳೆಯದು, 11 ಇದ್ದರೆ ಪಂಪ್ ಬದಲಿಸಿ ಪ್ರಯೋಜನವಿಲ್ಲ, ದಾರಿಯಲ್ಲಿ ರಿಲೇಯೋ ಕನೆಕ್ಟರೋ ತಿನ್ನುತ್ತಿದೆ. ಕನೆಕ್ಟರಿನ ಬಿಳಿ ಪ್ಲಾಸ್ಟಿಕ್ ಒಂದು ಪಿನ್ನಿನ ಸುತ್ತ ಚಹಾ ಬಣ್ಣಕ್ಕೆ ತಿರುಗಿದ್ದರೆ ಅಲ್ಲೇ ಇದೆ ಕಾವು.

ಓಮ್ಸ್ (ಕರೆಂಟಿಗಿರುವ ತಡೆಯ ಅಳತೆ) ಬೇಕಾಗುವುದು ಎರಡು ಪಿನ್ನಿನ ಕ್ರ್ಯಾಂಕ್ ಸೆನ್ಸರಿಗೆ. ತಣ್ಣಗಿರುವಾಗ ಒಮ್ಮೆ, ಹೇರ್ ಡ್ರೈಯರಿನಿಂದ ಬಿಸಿ ಮಾಡಿ ಒಮ್ಮೆ ಅಳೆಯಿರಿ. ಬಿಸಿಗೆ ಸ್ವಲ್ಪ ಏರುವುದು ಸಹಜ, ಏಕದಮ್ ಓಪನ್ ತೋರಿಸಿದರೆ ಹೋಯಿತು. ಮೂರು ಪಿನ್ನಿನ ಹಾಲ್ ಸೆನ್ಸರಿಗೆ (ಅಯಸ್ಕಾಂತದ ಏರಿಳಿತ ಗುರುತಿಸಿ ಸಿಗ್ನಲ್ ಕೊಡುವುದು) ಓಮ್ಸ್ ಪರೀಕ್ಷೆ ಬೇಡ. ಅದಕ್ಕೆ ವೋಲ್ಟ್ ಬರುತ್ತಿದೆಯೇ, ಅರ್ತ್ ಇದೆಯೇ, ಸಿಗ್ನಲ್ ಏರಿಳಿಯುತ್ತಿದೆಯೇ ಎಂದು ನೋಡಬೇಕು.

ಪ್ರೆಷರ್ ಗೇಜ್ ಕಿಟ್

ನೋಡಲು ದೊಡ್ಡ ಪೆಟ್ಟಿಗೆ, ಹದಿನೈದು-ಇಪ್ಪತ್ತು ತುಂಡು. ಆದರೆ ಅವುಗಳಲ್ಲಿ ಹೆಚ್ಚಿನವು ಪರೀಕ್ಷಾ ವಾಲ್ವ್ ಇರುವ ವಿದೇಶಿ ಎಂಜಿನ್ನುಗಳಿಗೆ. ನಮ್ಮ ಸಣ್ಣ ಗಾಡಿಗಳಲ್ಲಿ ಆ ವಾಲ್ವ್ ಸಾಮಾನ್ಯವಾಗಿ ಇಲ್ಲ, ರಬ್ಬರ್ ಪೈಪಿನ ನಡುವೆ ಟಿ ಹಾಕಬೇಕು. ಕಿಟ್‌ನ ಟಿ ಚೆನ್ನಾಗಿದೆ, ಕ್ಲಾಂಪುಗಳು ಚೆನ್ನಾಗಿಲ್ಲ. ಸ್ಪೇರ್ ಅಂಗಡಿಯಿಂದ ನಾಲ್ಕು ಒಳ್ಳೆಯ ಕ್ಲಾಂಪ್ ತಂದೇ ಕೂಡಿಸಿ. ಪ್ಲಾಸ್ಟಿಕ್ ಕ್ವಿಕ್ ಕನೆಕ್ಟರ್ ಇರುವ ಗಾಡಿಗೆ ಈ ಕಿಟ್ ಹೊಂದುವುದಿಲ್ಲ.

ಬಿಚ್ಚುವ ಮೊದಲು ಪಂಪ್ ಫ್ಯೂಸ್ ಕಿತ್ತು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಿ, ಬ್ಯಾಟರಿ ಮೈನಸ್ ಬಿಚ್ಚಿ, ಎಂಜಿನ್ ಆರಲಿ, ಹತ್ತಿರ ಬೀಡಿ-ಸಿಗರೇಟು ಇರಬಾರದು. ಗೇಜ್ ಕೂಡಿಸಿ, ಬ್ಯಾಟರಿ ಮತ್ತು ಫ್ಯೂಸ್ ಮತ್ತೆ ಹಾಕಿ ಕೀ ಆನ್ ಮಾಡಿದಾಗ ಪಂಪ್ ಸುಮಾರು ಎರಡು ಸೆಕೆಂಡು ಗುಂಯ್‌ಗುಡಬೇಕು. ಮಾರುತಿಯ ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಹಲವು ಎಂಪಿಎಫ್‌ಐ ಎಂಜಿನ್ನುಗಳಿಗೆ 270ರಿಂದ 310 ಕಿಲೋಪ್ಯಾಸ್ಕಲ್, ಅಂದರೆ 39ರಿಂದ 45 ಪಿಎಸ್‌ಐ. ಒತ್ತಡ ಹಿಡಿದಿಡುವ ರೆಗ್ಯುಲೇಟರಿಗೆ ವ್ಯಾಕ್ಯೂಮ್ ಪೈಪ್ ಇದ್ದರೆ ಐಡ್ಲಿಂಗ್‌ನಲ್ಲಿ 210-260. ನಿಲ್ಲಿಸಿ ಒಂದು ನಿಮಿಷದ ನಂತರವೂ 200ರ ಮೇಲಿರಬೇಕು. ತಣ್ಣಗಿದ್ದಾಗಿನ ಓದು ಸಾಲದು. ಸೋತ ಪಂಪ್ ಬೆಳಗ್ಗೆ 300 ಕೊಟ್ಟು, ನಲವತ್ತು ನಿಮಿಷ ಓಡಿದ ಮೇಲೆ 150ಕ್ಕೆ ಕುಸಿಯುತ್ತದೆ. ಟ್ಯಾಂಕಿನ ಮಟ್ಟ ಬರೆದಿಡಿ ಎಂದದ್ದು ಇದಕ್ಕೇ: ಪಂಪನ್ನು ತಣ್ಣಗಿಡುವುದು ಸುತ್ತಲಿನ ಪೆಟ್ರೋಲ್. ಕಾಲು ಟ್ಯಾಂಕಿಗಿಂತ ಕೆಳಗಿದ್ದಾಗಷ್ಟೇ ಬಂದ್ ಬೀಳುವ ಗಾಡಿಯಾದರೆ ಪಂಪ್ ಮತ್ತು ಅದರ ಬುಡದ ಜಾಲರಿ ಎರಡನ್ನೂ ನೋಡಿ.

ವರ್ಷಕ್ಕೊಮ್ಮೆಯೂ ಬೇಕಾಗದ ಈ ಗೇಜಿಗೆ ಒಂದೂವರೆ-ಎರಡು ಸಾವಿರ ಹಾಕುವ ಬದಲು, ಗೇಜ್ ಇರುವ ಗ್ಯಾರೇಜಿನಲ್ಲಿ ಬಿಸಿ ಎಂಜಿನ್ನಿಗೆ ಒಮ್ಮೆ ಹಾಕಿಸಿಕೊಳ್ಳುವುದೇ ಮೇಲು ಎಂದು ನಮ್ಮ ಅಭಿಪ್ರಾಯ. ನಾಲ್ಕೈದು ಗಾಡಿ ಇರುವ ಟ್ಯಾಕ್ಸಿಯವರಿಗೆ ಮಾತ್ರ ದುಡ್ಡು ಹುಟ್ಟುತ್ತದೆ.

ನಮ್ಮ ಕಡೆಯ ಬೇರೆ ಕಾರಣಗಳು

ಈ ಮೂರರಲ್ಲಿ ಯಾವುದೂ ನೇರ ತೋರಿಸದ ಕೆಲವು ದೋಷಗಳಿವೆ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಅಕ್ಕಿ ಗಿರಣಿ, ಭತ್ತದ ಗೋದಾಮಿನ ಹತ್ತಿರ ನಿಲ್ಲುವ ಗಾಡಿಯಾದರೆ ಬಾನೆಟ್ ಎತ್ತಿ ಮೊದಲು ಇಲಿ ಹುಡುಕಿ. ಇಲಿ ತಂತಿಯನ್ನು ಪೂರ್ತಿ ಕತ್ತರಿಸಿದರೆ ಒಳ್ಳೆಯದು, ಕೂಡಲೇ ಗೊತ್ತಾಗುತ್ತದೆ. ಅರ್ಧ ಕಡಿದು ಬಿಟ್ಟರೆ ಎರಡು ತಿಂಗಳು ಕಾಡುತ್ತದೆ. ಇಂಜೆಕ್ಟರ್ ಕೆಳಗಿನ ಹಾರ್ನೆಸ್ (ತಂತಿಗಳ ಕಟ್ಟು) ಟೇಪ್ ಮೇಲೆ ಹಲ್ಲಿನ ಗುರುತು, ಬ್ಯಾಟರಿ ತಟ್ಟೆಯ ಕೆಳಗೆ ಭತ್ತದ ಹೊಟ್ಟು ಕಂಡರೆ, ಎಂಜಿನ್ ಓಡುತ್ತಿರುವಾಗ ಹಾರ್ನೆಸ್ಸನ್ನು ಗೇಣು ಗೇಣು ಹಿಡಿದು ಅಲುಗಿಸುತ್ತ ಬನ್ನಿ. ಫ್ಯಾನ್, ಬೆಲ್ಟಿನಿಂದ ಕೈ ದೂರವಿರಲಿ.

ಅದಿರಿನ ಕೆಂಪು ಧೂಳು ಸೆನ್ಸರಿನ ಅಯಸ್ಕಾಂತಕ್ಕೆ ಅಂಟಿ ಗಾಡಿ ನಿಲ್ಲುತ್ತದೆ ಎಂದುಕೊಳ್ಳುವವರಿದ್ದಾರೆ. ಸಂಡೂರು ಕಡೆಯ ಅದಿರು ಬಹುಪಾಲು ಹೆಮಟೈಟ್, ಅದು ಅಯಸ್ಕಾಂತಕ್ಕೆ ಅಷ್ಟು ಬಲವಾಗಿ ಅಂಟುವುದಿಲ್ಲ. ಧೂಳಿನ ನಿಜವಾದ ಹಾನಿ ಏರ್ ಫಿಲ್ಟರಿಗೆ ಮತ್ತು ಥ್ರಾಟಲ್ ಬಾಡಿಗೆ. ತೋರಣಗಲ್ಲು-ಸಂಡೂರು ದಾರಿಯಲ್ಲಿ ದಿನವೂ ಓಡುವ ಗಾಡಿಗೆ ಪುಸ್ತಕದಲ್ಲಿ ಬರೆದ ಅಂತರದ ಅರ್ಧಕ್ಕೇ ಫಿಲ್ಟರ್ ಬದಲಿಸಿ.

ರಬ್ಬರ್ ಪೈಪುಗಳನ್ನೂ ಮರೆಯಬೇಡಿ. 40 ಡಿಗ್ರಿ ದಾಟುವ ಬೇಸಿಗೆಗಳಲ್ಲಿ ವ್ಯಾಕ್ಯೂಮ್ ಪೈಪ್, ಪಿಸಿವಿ ಪೈಪ್ (ಎಂಜಿನ್ ಒಳಗಿನ ಆವಿ ಎಳೆಯುವುದು) ಬೆಂದು ಕಡ್ಡಿಯಾಗುತ್ತವೆ. ಬಗ್ಗಿಸಿದಾಗ ಸಣ್ಣ ಸೀಳು ಕಂಡರೆ ಬದಲಿಸಿ, ಮೀಟರಿಗೆ ಐವತ್ತು-ನೂರು ರೂಪಾಯಿ ಅಷ್ಟೇ. ಈಗ ಬಂಕುಗಳಲ್ಲಿ ಬರುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ. 2023ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗಳ ರಬ್ಬರ್ ಭಾಗಗಳನ್ನು ಸಾಮಾನ್ಯವಾಗಿ ಇದಕ್ಕೆಂದು ಮಾಡಿರಲಿಲ್ಲ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ನೀರು ಹೆಚ್ಚಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ತಿಂಗಳುಗಟ್ಟಲೆ ನಿಂತ ಗಾಡಿ ಹೊರಟ ಹತ್ತು ನಿಮಿಷಕ್ಕೆ ಬಂದ್ ಬಿದ್ದರೆ ಫಿಲ್ಟರಿನ ಪೆಟ್ರೋಲನ್ನು ಗಾಜಿನ ಸೀಸೆಗೆ ಸುರಿದು ಅರ್ಧ ತಾಸು ಇಟ್ಟು ನೋಡಿ. ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕ್ ಇಳಿಸಲೇಬೇಕು.

ಗ್ಯಾಸ್ ಕಿಟ್ ಇರುವ ಗಾಡಿಯನ್ನು ಮೂರು ದಿನ ಬರೀ ಪೆಟ್ರೋಲಿನಲ್ಲಿ ಓಡಿಸಿ. ಬಂದ್ ಬೀಳುವುದು ನಿಂತರೆ ಗ್ಯಾಸಿನ ಒತ್ತಡ ಇಳಿಸುವ ರೆಡ್ಯೂಸರ್ ಮತ್ತು ಗ್ಯಾಸ್ ಫಿಲ್ಟರ್ ಕಡೆ ಹೋಗಿ. ಕಾರ್ಬ್ಯುರೇಟರಿನ ಹಳೆ ಮಾರುತಿ 800 ಇದ್ದವರು ಅಡಾಪ್ಟರ್ ಕೊಳ್ಳಲೇಬೇಡಿ, ಹಾಕಲು ಜಾಗವೇ ಇಲ್ಲ. ಅಲ್ಲಿ ಮೀಟರ್ ಒಂದೇ ಸಾಕು. ಕೀ ಆನ್ ಮಾಡಿದಾಗ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ-ತಡೆಯುವ ಫ್ಯೂಯಲ್ ಕಟ್ ಸೊಲೆನಾಯ್ಡ್‌ಗೆ 12 ವೋಲ್ಟ್ ಬಂದು 'ಟಕ್' ಅನ್ನಬೇಕು. ಮಧ್ಯಾಹ್ನ ಮಾತ್ರ ಬಂದ್ ಬೀಳುವುದಾದರೆ ಪೆಟ್ರೋಲ್ ಪೈಪಿನಲ್ಲಿ ಆವಿ ಕಟ್ಟುತ್ತಿರುತ್ತದೆ, ಪೈಪನ್ನು ಎಕ್ಸಾಸ್ಟಿನಿಂದ ದೂರ ಸರಿಸಿ.

ಅಡಾಪ್ಟರನ್ನು ಗಾಡಿಯಲ್ಲೇ ಬಿಟ್ಟು ಮನೆಗೆ ಹೋಗಬೇಡಿ. ಕೀ ತೆಗೆದ ಮೇಲೂ ಅದು ಬ್ಯಾಟರಿ ಹೀರುತ್ತಿರುತ್ತದೆ. ವಾರ ನಿಂತರೆ ಹಳೆ ಬ್ಯಾಟರಿ ಸೆಲ್ಫ್ ಎಳೆಯದ ಮಟ್ಟಕ್ಕೆ ಇಳಿಯಬಹುದು. ಗ್ಯಾರೇಜಿಗೆ ಹೋಗುವಾಗ ರೆಕಾರ್ಡನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡು, ವೇಗ 50 ಇದ್ದಾಗ ಆರ್‌ಪಿಎಂ ಸೊನ್ನೆಗೆ ಬಿದ್ದ ಆ ಸಾಲನ್ನೇ ಮೆಕ್ಯಾನಿಕ್ಕಿಗೆ ಮೊದಲು ತೋರಿಸಿ. ಜೊತೆಗೆ ಟ್ಯಾಂಕಿನ ಮಟ್ಟ, ಹೊರಟು ಎಷ್ಟು ನಿಮಿಷಕ್ಕೆ ನಿಂತಿತು, ಎಷ್ಟು ನಿಮಿಷ ಬಿಟ್ಟು ಸ್ಟಾರ್ಟ್ ಆಯಿತು, ಈ ಮೂರನ್ನು ಒಂದು ಚೀಟಿಯಲ್ಲಿ ಬರೆದುಕೊಡಿ.